ಚೀಟಿಯಲ್ಲಿ ಬರೆಯದ ಊಟ

ವೈದ್ಯರ ಚೀಟಿಯಲ್ಲಿ ನಮ್ಮ ಕಡೆಯವರಿಗೆ ಅತ್ಯಂತ ಪರಿಚಿತವಾದ ಮಾತೆಂದರೆ ‘ಊಟದ ನಂತರ’ ಎಂಬುದು. ಯಾವ ಊಟ, ಎಂಥ ಊಟ, ದಿನಕ್ಕೆ ಎಷ್ಟು ಸಲದ ಊಟ ಎಂಬುದನ್ನು ಆ ಚೀಟಿ ಕೇಳುವುದಿಲ್ಲ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಹೊಲಕ್ಕೆ ಹೋಗುವವರು ನಸುಕಿನಲ್ಲಿ ಚಹಾ ಕುಡಿದು, ಬುತ್ತಿ ಕಟ್ಟಿಕೊಂಡು ಹೋಗಿ, ಹತ್ತು ಹನ್ನೊಂದರ ಸುಮಾರಿಗೆ ರೊಟ್ಟಿ ತಿಂದರೆಂದರೆ ಮತ್ತೆ ಗಟ್ಟಿಯಾಗಿ ಉಣ್ಣುವುದು ಕತ್ತಲಾದ ಮೇಲೆಯೇ. ಅಂಥವರ ಕೈಗೆ ದಿನಕ್ಕೆ ಮೂರು ಸಲ ಊಟದ ನಂತರ ನುಂಗಬೇಕಾದ ಗುಳಿಗೆ ಬಂದರೆ, ಅವುಗಳಲ್ಲಿ ಒಂದು ಬರಿಹೊಟ್ಟೆಗೆ ಬೀಳುತ್ತದೆ, ಇಲ್ಲವೆ ಪಟ್ಟಿಯಲ್ಲಿಯೇ ಉಳಿಯುತ್ತದೆ. ಗುಳಿಗೆ ತಪ್ಪಿಸಿದ್ದಕ್ಕೆ ವೈದ್ಯರು ಬೈಯುತ್ತಾರೆ, ಹೊಟ್ಟೆ ಉರಿದದ್ದಕ್ಕೆ ರೋಗಿ ಗುಳಿಗೆಯನ್ನು ಬೈಯುತ್ತಾನೆ, ಊಟದ ಹೊತ್ತಿನ ಮಾತು ಇಬ್ಬರ ನಡುವೆಯೂ ಬರುವುದಿಲ್ಲ.

ಕಾಲೇಜಿನಲ್ಲಿ ಬಹುಕಾಲ ರಸಾಯನಶಾಸ್ತ್ರ ಕಲಿಸಿದವನೆಂಬ ಕಾರಣಕ್ಕೆ ನಮ್ಮ ಓಣಿಯವರೂ ಬೀಗರೂ ಚೀಟಿಗಳನ್ನು, ಗುಳಿಗೆಯ ಪಟ್ಟಿಗಳನ್ನು ತಂದು ನನ್ನ ಮುಂದೆ ಹರಡುತ್ತಾರೆ. ನಾನು ವೈದ್ಯನಲ್ಲವಾದ್ದರಿಂದ ಗುಳಿಗೆ ಬದಲಿಸುವ, ಬಿಡಿಸುವ ಮಾತನ್ನು ಆಡುವುದಿಲ್ಲ. ಆದರೆ ಆ ಹೆಸರುಗಳನ್ನು ಓದುತ್ತ, ಅವರ ಊಟ ಉಪವಾಸಗಳನ್ನು ವಿಚಾರಿಸುತ್ತ ಹೋದಂತೆ ಒಂದು ಸಂಗತಿ ನನಗೆ ಸ್ಪಷ್ಟವಾಗಿದೆ. ಗುಳಿಗೆ ಬರೆಯುವವರಿಗೆ ರೋಗಿಯ ತಾಟು ಕಾಣುವುದಿಲ್ಲ, ತಾಟಿಗೆ ಬಡಿಸುವವರಿಗೆ ಗುಳಿಗೆಯ ಗುಣ ತಿಳಿದಿರುವುದಿಲ್ಲ, ಮತ್ತು ತಡೆಯಬಹುದಾಗಿದ್ದ ಎಷ್ಟೋ ತೊಂದರೆಗಳು ಹುಟ್ಟುವುದು ಇವರಿಬ್ಬರ ನಡುವಿನ ಈ ಮೌನದಲ್ಲಿ.

ಸುಲಭವಾದ ಉದಾಹರಣೆಯಿಂದ ತೊಡಗುತ್ತೇನೆ. ಗರ್ಭಿಣಿಯರಿಗೆ ಸರ್ಕಾರಿ ಆರೋಗ್ಯ ಕೇಂದ್ರದಿಂದ ಕಬ್ಬಿಣಾಂಶದ ಗುಳಿಗೆ ಸಿಗುತ್ತದೆ. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ನೆನಪಿಸುತ್ತಾರೆ, ಹೆಣ್ಣುಮಕ್ಕಳು ನುಂಗುತ್ತಾರೆ ಕೂಡ. ಆದರೆ ಹಲವರು ಅದನ್ನು ನುಂಗುವುದು ಚಹಾದ ಜೊತೆಗೆ, ಅಥವಾ ನುಂಗಿದ ಬೆನ್ನಿಗೇ ಚಹಾ ಕುಡಿಯುತ್ತಾರೆ. ಚಹಾದಲ್ಲಿರುವ ಟ್ಯಾನಿನ್‌ಗಳು ಕಬ್ಬಿಣವನ್ನು ಕರುಳಿನಲ್ಲಿಯೇ ಹಿಡಿದಿಟ್ಟು, ರಕ್ತಕ್ಕೆ ಸೇರಬೇಕಾದ ಪ್ರಮಾಣವನ್ನು ಕಡಿಮೆ ಮಾಡುತ್ತವೆ. ಹಾಲಿನ ಕ್ಯಾಲ್ಸಿಯಂ ಕೂಡ ಅದೇ ಕೆಲಸ ಮಾಡುತ್ತದೆ. ಆದ್ದರಿಂದಲೇ ಗರ್ಭಿಣಿಯರಿಗೆ ಕೊಡುವ ಕ್ಯಾಲ್ಸಿಯಂ ಗುಳಿಗೆಯನ್ನೂ ಕಬ್ಬಿಣದ ಗುಳಿಗೆಯನ್ನೂ ಒಟ್ಟಿಗೆ ನುಂಗಬಾರದು, ನಡುವೆ ಎರಡು ತಾಸಾದರೂ ಅಂತರವಿರಬೇಕು. ಲಿಂಬೆಹಣ್ಣಿನ ‘ಸಿ’ ಜೀವಸತ್ವ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಇಂಡಿ ತಾಲೂಕಿನ ಲಿಂಬೆ ದೇಶದ ಮಾರುಕಟ್ಟೆಗಳಿಗೆಲ್ಲ ಹೋಗುವ ಈ ಸೀಮೆಯಲ್ಲಿ, ಚಹಾದ ಬದಲು ಒಂದು ಲೋಟ ಲಿಂಬೆ ನೀರಿನೊಡನೆ ಗುಳಿಗೆ ನುಂಗಿರೆಂದು ಹೇಳಲು ಖರ್ಚೇನೂ ಇಲ್ಲ.

ಥೈರಾಯ್ಡ್ ಗುಳಿಗೆಯ ಕಥೆಯೂ ಹೀಗೆಯೇ. ಲೆವೊಥೈರಾಕ್ಸಿನ್ ಬೆಳಗ್ಗೆ ಬರಿಹೊಟ್ಟೆಯಲ್ಲಿ ನೀರಿನ ಜೊತೆ ಹೋಗಬೇಕು. ಚಹಾ, ಉಪಾಹಾರಗಳಿಗೆ ಅದಾದ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳಿಗೆ ನಾಲ್ಕು ತಾಸು. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ನಂಥ ಜೀವನಿರೋಧಕಗಳನ್ನು ಹಾಲಿನೊಡನೆ ಕೊಡಬಾರದು. ‘ಗುಳಿಗೆ ಕಾವು, ಹಾಲಿನ ಜೋಡಿ ಕೊಡ್ರಿ’ ಎಂಬ ಅಕ್ಕರೆಯ ಮಾತು ಇಲ್ಲಿ ಔಷಧದ ಬಲವನ್ನೇ ಕುಗ್ಗಿಸುತ್ತದೆ.

ಇವೆಲ್ಲ ಹೊತ್ತು ಬದಲಿಸಿದರೆ ಸರಿಹೋಗುವಂಥವು. ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವ ತೊಂದರೆಗಳು ಬೇರೆ. ಜಮಖಂಡಿಯಲ್ಲಿರುವ ನಮ್ಮ ಸೋದರಮಾವನವರು ಸಕ್ಕರೆ ಕಾಯಿಲೆಗೆ ಬಹಳ ವರ್ಷಗಳಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದಾರೆ. ಶುದ್ಧ ಶಾಕಾಹಾರಿಗಳು, ಹಾಲು ಮೊಸರನ್ನೂ ಸಕ್ಕರೆ ಕಾಯಿಲೆ ಬಂದ ಮೇಲೆ ಬಹಳ ಕಡಿಮೆ ಮಾಡಿದ್ದರು. ‘ಕಾಲಾಗ ಇರವಿ ಹರದಾಡಿದಂಗ ಆಗತೈತಪಾ’ ಎಂದು ಅವರು ಹೇಳತೊಡಗಿದಾಗ ಮನೆಯವರೆಲ್ಲ ಅದು ಶುಗರ್‌ನಿಂದ ಬಂದ ನರದೌರ್ಬಲ್ಯವೆಂದೇ ತಿಳಿದರು. ಹಾಗೆ ತಿಳಿಯುವುದು ಸಹಜವೂ ಹೌದು, ಏಕೆಂದರೆ ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಕೆಡಿಸುತ್ತದೆ. ಆದರೆ ಅವರ ವೈದ್ಯರು ರಕ್ತದಲ್ಲಿ ಬಿ12 ಜೀವಸತ್ವವನ್ನು ಅಳೆಸಿದರು, ಮತ್ತು ಅದು ಬಹಳ ತಗ್ಗಿತ್ತು.

ಇದರ ಹಿಂದಿನ ಕಾರಣಗಳು ಒಂದರ ಮೇಲೊಂದು ಕೂಡಿಕೊಂಡಿದ್ದವು. ಬಿ12 ಜೀವಸತ್ವ ಜೋಳದಲ್ಲಾಗಲಿ, ಬೇಳೆಯಲ್ಲಾಗಲಿ, ತಪ್ಪಲು ಪಲ್ಯಗಳಲ್ಲಾಗಲಿ ಇಲ್ಲ. ಮಾಂಸ, ಮೀನು, ಮೊಟ್ಟೆ ತಿನ್ನದವರಿಗೆ ಅದು ದೊರೆಯುವುದು ಹಾಲು, ಮೊಸರು, ಮಜ್ಜಿಗೆಗಳಿಂದ ಮಾತ್ರ. ಮೆಟ್‌ಫಾರ್ಮಿನ್ ಅನ್ನು ದೀರ್ಘಕಾಲ, ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಂಡಾಗ, ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ನಡೆಯುವ ಬಿ12ರ ಹೀರಿಕೆ ಕುಂದುತ್ತದೆ. ಜೊತೆಗೆ ಮಾವನವರು ‘ಗ್ಯಾಸ್ ಗುಳಿಗೆ’ಯೆಂದು ಬೆಳಗ್ಗೆ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದರು. ಅದು ಹೊಟ್ಟೆಯ ಆಮ್ಲವನ್ನು ತಗ್ಗಿಸುವ ಔಷಧ. ಆಹಾರದ ಪ್ರೋಟೀನಿಗೆ ಅಂಟಿಕೊಂಡಿರುವ ಬಿ12 ಬಿಡುಗಡೆಯಾಗಬೇಕಾದರೆ ಅದೇ ಆಮ್ಲ ಬೇಕು. ಕೆಲವು ವಾರಗಳಿಗೆಂದು ಬರೆದುಕೊಟ್ಟ ಈ ಗುಳಿಗೆಯನ್ನು ವರ್ಷಗಟ್ಟಲೆ ಮುಂದುವರಿಸುವವರು ನಮ್ಮಲ್ಲಿ ಎಷ್ಟು ಜನರಿಲ್ಲ! ಯಕೃತ್ತಿನಲ್ಲಿ ಬಿ12ರ ಸಂಗ್ರಹ ಕೆಲವು ವರ್ಷಗಳಿಗೆ ಸಾಕಾಗುವಷ್ಟಿರುತ್ತದೆ. ಹಾಗಾಗಿ ಕೊರತೆ ತಡವಾಗಿ ತೋರುತ್ತದೆ, ತೋರುವ ಹೊತ್ತಿಗೆ ನರಗಳಿಗೆ ಹಾನಿ ಆಗಿರುತ್ತದೆ, ಬಹಳ ತಡವಾದರೆ ಆ ಹಾನಿ ಪೂರ್ತಿ ವಾಸಿಯಾಗುವುದಿಲ್ಲ. ಮೆಟ್‌ಫಾರ್ಮಿನ್ ಒಳ್ಳೆಯ ಔಷಧ. 1957ರಲ್ಲಿ ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ ಅದನ್ನು ಸಕ್ಕರೆ ಕಾಯಿಲೆಗೆ ಬಳಸಿದ ವರದಿ ಪ್ರಕಟಿಸಿದಂದಿನಿಂದ ಕೋಟ್ಯಂತರ ಜನರಿಗೆ ನೆರವಾಗಿದೆ, ಮತ್ತು ಮಾವನವರು ಅದನ್ನು ಇಂದಿಗೂ ನುಂಗುತ್ತಾರೆ. ಬಿ12 ಚುಚ್ಚುಮದ್ದು ಜೊತೆಗೂಡಿದೆ, ಮಜ್ಜಿಗೆ ತಾಟಿನ ಪಕ್ಕಕ್ಕೆ ಮರಳಿ ಬಂದಿದೆ.

ಸಕ್ಕರೆ ಕಾಯಿಲೆಯ ಮಾತು ಬಂದಾಗ ಬೆಲ್ಲದ ಬಗ್ಗೆ ಹೇಳದೆ ಇರಲಾರೆ. ಮಹಾಲಿಂಗಪುರದ ಬೆಲ್ಲದ ಪೇಟೆಯ ಹೆಸರು ಕೇಳದವರು ಈ ಭಾಗದಲ್ಲಿ ಇಲ್ಲ. ಹೋಳಿಗೆ, ಮಾದಲಿ, ಶೇಂಗಾ ಉಂಡಿ ಎಲ್ಲಕ್ಕೂ ಬೆಲ್ಲವೇ ಆಧಾರ. ‘ಸಕ್ಕರಿ ಬಿಟ್ಟೀನ್ರಿ, ಬೆಲ್ಲದ ಚಹಾ ಕುಡಿತೀನಿ’ ಎಂದು ಸಮಾಧಾನದಿಂದ ಹೇಳುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ. ಅದರಲ್ಲಿರುವ ಅಲ್ಪಸ್ವಲ್ಪ ಖನಿಜಾಂಶ ರಕ್ತದ ಗ್ಲೂಕೋಸ್ ಏರುವುದನ್ನು ತಡೆಯುವುದಿಲ್ಲ. ಜೋಳದ ರೊಟ್ಟಿಯ ಬಗೆಗಿನ ನಂಬಿಕೆಗೆ ಹೆಚ್ಚಿನ ಆಧಾರವಿದೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದ್ದರೆ ಬಿಳಿ ಅಕ್ಕಿಯಲ್ಲಿ 3 ಗ್ರಾಂನಷ್ಟೂ ಇಲ್ಲ. ಆದರೆ ಅದೇ ನೂರು ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಕಾರ್ಬೋಹೈಡ್ರೇಟ್, ಬಹುಪಾಲು ಪಿಷ್ಟ, ಕೂಡ ಇದೆ. ಎರಡು ರೊಟ್ಟಿಗೆ ಲೆಕ್ಕ ಹಾಕಿ ಕೊಟ್ಟ ಗುಳಿಗೆ, ಜೋಳ ಎಷ್ಟು ತಿಂದರೂ ನಡೆಯುತ್ತದೆಂದು ಐದು ರೊಟ್ಟಿ ಉಂಡವರನ್ನು ಕಾಯಲಾರದು.

ಉಣ್ಣದೆ ಇರುವುದರ ಅಪಾಯ ಇನ್ನೂ ತುರ್ತಿನದು. ನಮ್ಮ ಕಡೆ ವ್ರತಗಳಿಗೆ ಕೊರತೆಯಿಲ್ಲ. ಶ್ರಾವಣ ಸೋಮವಾರದ ಒಪ್ಪತ್ತು, ಏಕಾದಶಿ, ಶಿವರಾತ್ರಿ, ನವರಾತ್ರಿಯ ಒಂಬತ್ತು ದಿನ. ವಿಜಯಪುರದಂಥ ಊರಿನಲ್ಲಿ ರಂಜಾನ್ ತಿಂಗಳ ರೋಜಾ. ಉಪವಾಸದ ಬೆಳಗ್ಗೆಯೂ ‘ಗುಳಿಗಿ ತಪ್ಪಿಸಬಾರದು’ ಎಂಬ ಶ್ರದ್ಧೆಯಿಂದ ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಗುಳಿಗೆ ನುಂಗುವವರಿದ್ದಾರೆ. ಈ ಗುಂಪಿನ ಔಷಧಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ, ಮತ್ತು ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ಎಂದು ನೋಡದೆ ಹೊರಡಿಸುತ್ತವೆ. ತಿನ್ನದವರ ರಕ್ತದಲ್ಲಿ ಗ್ಲೂಕೋಸ್ ಇಳಿಯತೊಡಗುತ್ತದೆ. ಬೆವರು, ನಡುಕ, ಎದೆಬಡಿತ, ಆಮೇಲೆ ಮಾತು ತೊದಲುವುದು, ಗೊಂದಲ, ಕೊನೆಗೆ ಎಚ್ಚರ ತಪ್ಪುವುದು. ವಯಸ್ಸಾದವರಲ್ಲಿ, ಅದರಲ್ಲೂ ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ, ಗ್ಲಿಬೆನ್‌ಕ್ಲಮೈಡ್‌ನಂಥ ಹಳೆಯ ಗುಳಿಗೆಯ ಪರಿಣಾಮ ದೇಹದಲ್ಲಿ ಬಹಳ ಹೊತ್ತು ಉಳಿಯುವುದರಿಂದ, ಒಮ್ಮೆ ಸಕ್ಕರೆ ತಿನ್ನಿಸಿ ಎಬ್ಬಿಸಿದರೂ ಮತ್ತೆ ಕುಸಿಯುವ ಭಯವಿರುತ್ತದೆ. ಉಪವಾಸದಲ್ಲಿ ಬೆವೆತು ನಡುಗಿದರೆ ದೇವರ ಪರೀಕ್ಷೆಯೆಂದು ತಾಳಿಕೊಳ್ಳುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ತಾಳಿಕೊಳ್ಳಬೇಡಿ. ಎಚ್ಚರವಿದ್ದು ನುಂಗಲು ಸಾಧ್ಯವಿರುವಾಗಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು, ಹದಿನೈದು ನಿಮಿಷಕ್ಕೆ ಮತ್ತೆ ರಕ್ತ ನೋಡಬೇಕು, ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಇದರ ಮಗ್ಗುಲಿಗೇ ಇನ್ನೊಂದು ತೊಡಕಿದೆ. ನಮ್ಮ ಉಪವಾಸವೆಂದರೆ ಎಷ್ಟೋ ಸಲ ಸಾಬುದಾಣಿ ಖಿಚಡಿ, ಬಾಳೆಹಣ್ಣು, ಬೆಲ್ಲದ ಶೇಂಗಾ ಉಂಡಿ. ಸಾಬುದಾಣಿ ಬಹುತೇಕ ಬರಿಯ ಪಿಷ್ಟ. ಹಗಲೆಲ್ಲ ಇಳಿದಿದ್ದ ಗ್ಲೂಕೋಸ್ ಸಂಜೆ ಒಮ್ಮೆಲೆ ಮೇಲೇರುತ್ತದೆ. ಹೀಗೆಂದು ವ್ರತ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಆ ಮಾತು ಯಾರ ಕಿವಿಗೂ ಹೋಗುವುದಿಲ್ಲ ಎಂಬುದೂ ನಿಜ. ರೋಜಾ ಹಿಡಿಯುವ ಸಕ್ಕರೆ ರೋಗಿಗಳಿಗಾಗಿ ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟವು ತಜ್ಞರೊಡನೆ ಕೂಡಿ ವಿವರವಾದ ಮಾರ್ಗಸೂಚಿ ಹೊರಡಿಸಿದೆ. ಯಾರು ಹಿಡಿಯಬಹುದು, ಯಾರು ಹಿಡಿಯಲೇಬಾರದು, ಗುಳಿಗೆಯ ಹೊತ್ತು ಮತ್ತು ಪ್ರಮಾಣವನ್ನು ಹೇಗೆ ಬದಲಿಸಬೇಕು ಎಂಬುದೆಲ್ಲ ಅದರಲ್ಲಿದೆ. ಗ್ಲೂಕೋಸ್ 70ಕ್ಕಿಂತ ಕೆಳಗಿಳಿದರೆ, ಅಥವಾ 300 ದಾಟಿದರೆ, ಕೂಡಲೇ ಉಪವಾಸ ಮುರಿಯಬೇಕೆಂದು ಅದು ಹೇಳುತ್ತದೆ. ಶ್ರಾವಣಕ್ಕೂ ಏಕಾದಶಿಗೂ ಇದೇ ಬಗೆಯ ಸಿದ್ಧತೆ ಬೇಕು. ವ್ರತ ಶುರುವಾಗುವ ಮೊದಲೇ ವೈದ್ಯರನ್ನು ಕಂಡು ‘ಈ ದಿನ ನಾನು ಒಪ್ಪತ್ತು ಮಾಡುತ್ತೇನೆ, ಆ ದಿನದ ಗುಳಿಗೆ ಹೇಗೆ?’ ಎಂದು ಕೇಳುವ ರೂಢಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ನೋವಿನ ಗುಳಿಗೆ. ಕಬ್ಬು ಕಡಿಯುವ ಹಂಗಾಮಿನಲ್ಲಿ, ದ್ರಾಕ್ಷಿ ತೋಟದ ಕೆಲಸದಲ್ಲಿ, ಬಾಗಿ ಬಾಗಿ ಕಳೆ ತೆಗೆಯುವ ದಿನಗಳಲ್ಲಿ ಸೊಂಟ ಹಿಡಿಯದವರು ಯಾರು? ಸಂಜೆ ಔಷಧ ಅಂಗಡಿಯ ಮುಂದೆ ನಿಂತು ‘ಮೈಕೈ ನೋವಿಗೆ ಒಂದ್ ಡೋಸ್ ಕೊಡ್ರಿ’ ಎಂದರೆ ಸಾಕು, ಬಿಡಿಸಿದ ಎರಡು ಮೂರು ಗುಳಿಗೆಗಳು ಕಾಗದದಲ್ಲಿ ಸುತ್ತಿ ಕೈಗೆ ಬರುತ್ತವೆ. ಹೆಸರಿಲ್ಲ, ಪ್ರಮಾಣವಿಲ್ಲ, ತಾರೀಖಿಲ್ಲ. ಅದರಲ್ಲಿ ಒಂದು ಬಹುಮಟ್ಟಿಗೆ ಡೈಕ್ಲೋಫೆನಾಕ್ ಅಥವಾ ಅದರ ಬಳಗದ್ದು.

ಈ ಬಳಗದ ಔಷಧಗಳು ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುಗಳ ಉತ್ಪತ್ತಿಯನ್ನು ತಡೆಯುವ ಮೂಲಕ ನೋವು, ಬಾವುಗಳನ್ನು ಇಳಿಸುತ್ತವೆ. 1971ರಲ್ಲಿ ಬ್ರಿಟನ್ನಿನ ಜಾನ್ ವೇನ್ ಇದನ್ನು ತೋರಿಸಿಕೊಟ್ಟರು, 1982ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ತೊಡಕೆಂದರೆ, ಅದೇ ಪ್ರೋಸ್ಟಗ್ಲಾಂಡಿನ್‌ಗಳು ಜಠರದ ಒಳಪದರವನ್ನು ಆಮ್ಲದಿಂದ ಕಾಯುತ್ತವೆ, ಮತ್ತು ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ಒಯ್ಯುವ ನಾಳಗಳನ್ನು ಅಗಲವಾಗಿ ಇಡುತ್ತವೆ. ಬರಿಹೊಟ್ಟೆಗೆ ನುಂಗಿದ ನೋವಿನ ಗುಳಿಗೆ ಹೊಟ್ಟೆ ಉರಿಸುವುದನ್ನು ಎಲ್ಲರೂ ಬಲ್ಲರು. ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ದಿನವೆಲ್ಲ ಬೆವೆತು, ಸಾಕಷ್ಟು ನೀರು ಕುಡಿಯದೆ ಬಂದವನು ಅದನ್ನು ನುಂಗಿದಾಗ ಮೂತ್ರಪಿಂಡಕ್ಕೆ ಆಗುವ ಪೆಟ್ಟು ಮಾತ್ರ ನೋವಿಲ್ಲದ ಪೆಟ್ಟು, ಆದ್ದರಿಂದ ಅದು ಯಾರಿಗೂ ತಿಳಿಯುವುದಿಲ್ಲ. ಅವನು ಬಿಪಿಗೆಂದು ಟೆಲ್ಮಿಸಾರ್ಟಾನ್ ಅಥವಾ ರಾಮಿಪ್ರಿಲ್, ಜೊತೆಗೆ ಮೂತ್ರ ಹೆಚ್ಚಿಸುವ ಗುಳಿಗೆಯನ್ನೂ ತೆಗೆದುಕೊಳ್ಳುತ್ತಿದ್ದರೆ ಮೂರೂ ಕೂಡಿ ಮೂತ್ರಪಿಂಡದ ಸೋಸುವ ಒತ್ತಡವನ್ನು ಒಮ್ಮೆಲೆ ತಗ್ಗಿಸುತ್ತವೆ. ಸಾಲದ್ದಕ್ಕೆ ನೋವಿನ ಗುಳಿಗೆ ದೇಹದಲ್ಲಿ ಉಪ್ಪು, ನೀರನ್ನು ಹಿಡಿದಿಟ್ಟು ಬಿಪಿಯನ್ನು ಏರಿಸುತ್ತದೆ. ಬಿಪಿ ಏರಿತೆಂದು ಇನ್ನೊಂದು ಗುಳಿಗೆ ಸೇರುತ್ತದೆ.

ಡೈಕ್ಲೋಫೆನಾಕ್ ಮೂತ್ರಪಿಂಡಕ್ಕೆ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ನಾಡಿನ ಆಕಾಶವೇ ಸಾಕ್ಷಿ. ಈ ಔಷಧ ಕೊಟ್ಟ ದನ ಸತ್ತಾಗ ಅದರ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಸೋತು ಸಾಯುತ್ತಿದ್ದವೆಂಬುದು 2004ರಲ್ಲಿ ಖಚಿತವಾಯಿತು. ಬಿಳಿಬೆನ್ನಿನ ರಣಹದ್ದು ಭಾರತದಲ್ಲಿ 99 ಪ್ರತಿಶತಕ್ಕಿಂತ ಹೆಚ್ಚು ಕಣ್ಮರೆಯಾಯಿತು, 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆಯನ್ನು ಸರ್ಕಾರ ನಿಷೇಧಿಸಿತು. ಮನುಷ್ಯನ ದೇಹ ರಣಹದ್ದಿನದಲ್ಲ, ಅಷ್ಟು ಬೇಗ ಸೋಲುವುದಿಲ್ಲ. ಆದರೆ ಸೋಲುವ ದಾರಿ ಅದಕ್ಕೂ ಇದೆ.

ಇದೇ ವಂಶದ ಇನ್ನೊಂದು ಗುಳಿಗೆಯ ಬಗ್ಗೆ ಬೆಳಗಾವಿಯವರು ಹೆಮ್ಮೆಪಡಬಹುದಾದ ಸಂಗತಿಯೊಂದಿದೆ. ಚೊಚ್ಚಲ ಬಸುರಿಯರಿಗೆ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರೆ ಅವಧಿಪೂರ್ವ ಹೆರಿಗೆ ತಗ್ಗುತ್ತದೆಯೇ ಎಂದು ಆರು ದೇಶಗಳ 11,976 ಹೆಣ್ಣುಮಕ್ಕಳಲ್ಲಿ ನಡೆದ ಅಧ್ಯಯನದಲ್ಲಿ ಬೆಳಗಾವಿಯೂ ಒಂದು ಕೇಂದ್ರವಾಗಿತ್ತು. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಅದರಲ್ಲಿ ಪಾಲ್ಗೊಂಡಿತ್ತು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆಸ್ಪಿರಿನ್ ಪಡೆದವರಲ್ಲಿ ಅವಧಿಪೂರ್ವ ಹೆರಿಗೆ 11.6 ಪ್ರತಿಶತ, ಪಡೆಯದವರಲ್ಲಿ 13.1 ಪ್ರತಿಶತ. ಅಳತೆ, ಅವಧಿ, ನಿಗಾ ಇದ್ದಾಗ ಅಗ್ಗದ ಗುಳಿಗೆಯೊಂದು ಮಗುವಿಗೆ ತಾಯಿಯ ಹೊಟ್ಟೆಯಲ್ಲಿ ಇನ್ನಷ್ಟು ದಿನ ಕೊಡಬಲ್ಲದು. ಕಾಗದದಲ್ಲಿ ಸುತ್ತಿ ಕೊಡುವ ಡೋಸಿಗೆ ಈ ಮೂರೂ ಇಲ್ಲ.

ಆ ಕಾಗದದ ಪೊಟ್ಟಣದಲ್ಲಿ ಒಮ್ಮೊಮ್ಮೆ ಡೆಕ್ಸಾಮೆಥಸೋನ್‌ನಂಥ ಸ್ಟಿರಾಯ್ಡ್ ಕೂಡ ಸೇರಿರುತ್ತದೆ. ನೋವು ಮಾಯವಾಗುತ್ತದೆ, ಹಸಿವು ಹೆಚ್ಚುತ್ತದೆ, ಮುಖ ತುಂಬಿಕೊಳ್ಳುತ್ತದೆ, ‘ಗುಳಿಗಿ ಮೈಗೆ ಹತ್ತೈತಿ’ ಎಂದು ಜನ ಸಂತೋಷಪಡುತ್ತಾರೆ. ಒಳಗೆ ಗ್ಲೂಕೋಸ್ ಏರುತ್ತಿರುತ್ತದೆ, ಮೂಳೆ ಸವೆಯುತ್ತಿರುತ್ತದೆ, ಮತ್ತು ದೇಹ ತನ್ನ ಸ್ವಂತ ಸ್ಟಿರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ. ವಾರಗಟ್ಟಲೆ ನುಂಗಿದವರು ಅದನ್ನು ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯ. 2020ರಲ್ಲಿ ಆಮ್ಲಜನಕ ಬೇಕಾದ ಕೊರೊನಾ ರೋಗಿಗಳ ಜೀವ ಉಳಿಸಿದ್ದೂ ಇದೇ ಡೆಕ್ಸಾಮೆಥಸೋನ್. ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕಾನೂನು ಹೇಳುವ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿದ ಔಷಧ ಇದು. ಅಂಗಡಿಯವರನ್ನಷ್ಟೇ ದೂರುವುದು ನ್ಯಾಯವಲ್ಲ. ಒಂದು ದಿನದ ಕೂಲಿ ಬಿಟ್ಟು ತಾಲೂಕು ಆಸ್ಪತ್ರೆಯ ಸರದಿಯಲ್ಲಿ ನಿಲ್ಲಲಾಗದವರಿಗೆ ಆ ಅಂಗಡಿಯೇ ದವಾಖಾನೆ. ಆದರೂ ‘ಇದರ ಹೆಸರು ಬರೆದುಕೊಡ್ರಿ’ ಎಂದು ಕೇಳುವ ಹಕ್ಕು ಕೊಳ್ಳುವವನಿಗಿದೆ.

ಉಪ್ಪಿನ ಬಗ್ಗೆ ಎರಡೇ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು, ಅಂದರೆ ಒಂದು ಚಿಕ್ಕ ಚಮಚ. ಉಪ್ಪಿನಕಾಯಿ, ರಂಜಕ, ಹಪ್ಪಳ, ಚಟ್ನಿಪುಡಿಗಳ ನಮ್ಮ ಊಟದಲ್ಲಿ ಅದು ಮೊದಲ ಎರಡು ರೊಟ್ಟಿಗೇ ಮುಗಿಯುತ್ತದೆ, ಬಿಪಿ ಗುಳಿಗೆ ಸೋಲುವುದು ಎಷ್ಟೋ ಸಲ ಇಲ್ಲಿಯೇ. ಆದರೆ ಸೋಡಿಯಂ ಕಡಿಮೆಯಿರುವ ಉಪ್ಪೆಂದು ಮಾರುವ ಪೊಟ್ಯಾಸಿಯಂ ಬೆರೆತ ಉಪ್ಪನ್ನು ಮೂತ್ರಪಿಂಡದ ತೊಂದರೆಯಿರುವವರೂ, ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ನುಂಗುವವರೂ ವೈದ್ಯರನ್ನು ಕೇಳದೆ ಬಳಸಬಾರದು; ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ.

ಇನ್ನು ತಪ್ಪಲು ಪಲ್ಯ. ರೊಟ್ಟಿಯ ಜೊತೆ ಹಸಿ ಮೆಂತ್ಯ, ಹಕ್ಕರಕಿ, ಮೂಲಂಗಿ ಎಲೆ, ಉಳ್ಳಾಗಡ್ಡಿ ಕಚ್ಚಿಕೊಂಡು ತಿನ್ನುವ ನಮ್ಮ ಪದ್ಧತಿಯನ್ನು ನಾನು ಎದೆತುಂಬಿ ಮೆಚ್ಚುತ್ತೇನೆ. ಆದರೆ ಹೃದಯದ ಕವಾಟ ಬದಲಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿನೊಕೌಮರಾಲ್ ನುಂಗುವವರಿಗೆ ಹಸಿರೆಲೆಯ ‘ಕೆ’ ಜೀವಸತ್ವ ಔಷಧದ ಎದುರಾಳಿ. ಈ ಔಷಧದ ಮೂಲವೂ ಮೇವಿನಲ್ಲಿಯೇ ಇದೆ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದ ಬಯಲುಗಳಲ್ಲಿ ಕೆಟ್ಟುಹೋದ ಸಿಹಿ ಕ್ಲೋವರ್ ಮೇವು ತಿಂದ ದನಗಳು ರಕ್ತಸ್ರಾವದಿಂದ ಸತ್ತವು. ಅದಕ್ಕೆ ಕಾರಣವಾದ ವಸ್ತುವನ್ನು ವಿಸ್ಕಾನ್ಸಿನ್‌ನ ಕಾರ್ಲ್ ಲಿಂಕ್ ಅವರ ತಂಡ ಬೇರ್ಪಡಿಸಿತು. ಅದರ ಜಾಡಿನಲ್ಲಿ ಬಂದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ, 1954ರಲ್ಲಿ ಮನುಷ್ಯರ ಔಷಧವಾಗಿ ಬಳಕೆಗೆ ಬಂತು.

ನಮ್ಮ ಬೀಗರ ಮಗಳೊಬ್ಬಳು ಈ ಔಷಧದ ಮೇಲಿದ್ದಾಳೆ. ಎಲೆ ತಿನ್ನಬಾರದೆಂದು ಯಾರೋ ಹೇಳಿದ್ದನ್ನು ಕೇಳಿ ಕೆಲವು ವಾರ ಪೂರ್ತಿ ಬಿಟ್ಟಳು, ಆಸೆ ತಡೆಯದೆ ಮತ್ತೆ ತಿಂದಳು, ಹೆಪ್ಪುಗಟ್ಟುವಿಕೆಯನ್ನು ಅಳೆಯುವ ಐಎನ್‌ಆರ್ ಪರೀಕ್ಷೆಯ ಅಂಕಿ ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋಗತೊಡಗಿತು. ಮೇಲೆ ಹೋದರೆ ರಕ್ತಸ್ರಾವ, ಕೆಳಗೆ ಬಂದರೆ ಕವಾಟದ ಮೇಲೆ ರಕ್ತದ ಗಡ್ಡೆ. ಅವಳ ವೈದ್ಯರು ಗುಳಿಗೆಯ ಪ್ರಮಾಣ ಬದಲಿಸುವ ಮೊದಲು ಅವಳು ಏನುಣ್ಣುತ್ತಾಳೆಂದು ಕೂಡಿಸಿಕೊಂಡು ಕೇಳಿದರು. ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯ ತಪ್ಪಲು ತಿನ್ನಲು ಹೇಳಿ, ಆ ಅಳತೆಗೆ ಹೊಂದುವಂತೆ ಔಷಧದ ಪ್ರಮಾಣವನ್ನು ಗೊತ್ತುಮಾಡಿದರು. ಈಗ ಅವಳು ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಗುಳಿಗೆ, ಚೂರ್ಣ, ಕಷಾಯದ ಪುಡಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗುತ್ತಾಳೆ. ನೋವಿನ ಗುಳಿಗೆ ರಕ್ತಸ್ರಾವ ಹೆಚ್ಚಿಸುವುದರಿಂದ ಹಲ್ಲುನೋವಿಗೂ ಕೇಳದೆ ಏನನ್ನೂ ನುಂಗುವುದಿಲ್ಲ. ಹಿಂಗಾರಿ ಹೊಲಗಳಲ್ಲಿ ಹಕ್ಕರಕಿ ಬರುವ ಕಾಲಕ್ಕೆ ‘ಇನ್ ಮ್ಯಾಲೆ ತಪ್ಪಲ ಜಾಸ್ತಿ ಆಗತೈತ್ರಿ ಡಾಕ್ಟ್ರ’ ಎಂದು ತಾನಾಗಿಯೇ ಮೊದಲು ಹೇಳಿ, ರಕ್ತಪರೀಕ್ಷೆಯ ದಿನವನ್ನು ಹತ್ತಿರಕ್ಕೆ ಹಾಕಿಸಿಕೊಳ್ಳುತ್ತಾಳೆ.